ಕಾಕಾನ ಹೊಗೆ ಆರಿಸಿದ ಮುಂಗಾರು

ಹೋದ ವಾರ ಬೈಲಹೊಂಗಲದ ಕಡೆ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಸೆಕೆಗೆ ಕಿಟಕಿಯ ಗಾಜು ಸರಿಸಿದೆ ನೋಡಿ, ಹೊಗೆಯ ವಾಸನೆ ಒಳಗೆ ನುಗ್ಗಿತು. ಕುಳ್ಳಿನ ಬೆಂಕಿಯ ಮೇಲೆ ಹಸಿ ಬೇವಿನ ತಪ್ಪಲು ಹಾಕಿದರೆ ಏಳುತ್ತದಲ್ಲ, ಗಂಟಲಿಗೆ ಕಹಿ ಹತ್ತುವ ಹೊಗೆ, ಅದು. ಮಗಳು ಮೂಗು ಮುಚ್ಚಿಕೊಂಡು ಗಾಜು ಹಾಕು ಅಂದಳು. ನಾನು ಹಾಕಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಬೇಕು ಅನ್ನಿಸಿತು. ಮೊದಲೇ ಕೂತಲ್ಲಿ ಕೂಡಲಾರದ ಮನುಷ್ಯ ನಾನು, ಅದರಲ್ಲೂ ಮುಂಗಾರಿನಲ್ಲಿ ಈ ವಾಸನೆ ಬಂದರೆ ಮುಗಿದೇ ಹೋಯಿತು. ಧಾರವಾಡ ಬರುವ ತನಕ ಕಾಲು ಅಲ್ಲಾಡಿಸುತ್ತ, ಮಗಳ ಹತ್ತಿರ ಬೈಸಿಕೊಳ್ಳುತ್ತ ಕೂತೆ.

ಆ ವಾಸನೆ ನನಗೆ ಹೀಗೆ ಅಂಟಿಕೊಂಡದ್ದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನಾಗ ಧಾರವಾಡದ ದನದ ದವಾಖಾನೆಯಲ್ಲಿ ಹೊಸ ಕಂಪೌಂಡರ್. ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಸರಕಾರಿ ನೌಕರ ಅನ್ನುವ ಗತ್ತು ಮಾತ್ರ ಪೂರ್ತಿ ಬಂದಿತ್ತು. ಆ ನೌಕರಿ ಸಿಕ್ಕಿದ್ದೂ ಇಮಾಮಸಾಬ ಕಾಕಾನಿಂದಲೇ. ಕಾಕಾ ಅಂದರೆ ನಮ್ಮಪ್ಪನ ತಮ್ಮ, ಹುಬ್ಬಳ್ಳಿಯಲ್ಲಿ ಎತ್ತಿನ ವ್ಯಾಪಾರ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಸಾಲಿ ಕಲಿಸಿದವನು ಅವನೇ. ನಾನು ಕಲಿತದ್ದು ಪುಸ್ತಕದ ದನ. ಕಾಕಾ ಮಾತ್ರ ಎತ್ತಿನ ಜೊತೆಯೇ ಉಂಡು ಮಲಗಿದವನು. ಪ್ರತಿ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ, ಬಿತ್ತಿಗೆಗೆ ಜೋಡಿ ಬೇಕಾದವರಿಗೆಂದು ಹಿಂಡು ಹೊಡೆದುಕೊಂಡು ಹುಬ್ಬಳ್ಳಿಯಿಂದ ಹೆಬ್ಬಳ್ಳಿ, ಅಲ್ಲಿಂದ ಉಪ್ಪಿನಬೆಟಗೇರಿ, ಅದನ್ನು ದಾಟಿ ಬೈಲಹೊಂಗಲದ ತನಕ ಹೋಗುತ್ತಿದ್ದ. ಎಲ್ಲಿ ಬಿಡಾರ ಹೂಡಿದರೂ ಹೊತ್ತು ಮುಳುಗುವ ಮುಂಚೆ ಹಿಂಡಿನ ಸುತ್ತ ಬೇವಿನ ಹೊಗೆ ಹಾಕುವುದು ಅವನ ಪದ್ಧತಿ. ನೊರಜು, ಗುಂಗಾಡು ಕಡಿದರೆ ಎತ್ತು ನಿದ್ದೆಗೆಡುತ್ತವೆ, ನಿದ್ದೆಗೆಟ್ಟ ಎತ್ತು ಸಂತೆಯಲ್ಲಿ ಮುಖ ಜೋಲು ಹಾಕಿ ನಿಲ್ಲುತ್ತದೆ ಅನ್ನುತ್ತಿದ್ದ. ಅದಕ್ಕಿಂತ ದೊಡ್ಡ ಕಾರಣ ಅವನಿಗೂ ಗೊತ್ತಿರಲಿಲ್ಲ.

ಆ ವರ್ಷ ಮಳೆ ಅವಸರ ಮಾಡಿತು. ರೋಹಿಣಿಯಲ್ಲೇ ಹಳ್ಳ ತುಂಬಿ ಹರಿದವು, ತಗ್ಗಿನಲ್ಲೆಲ್ಲ ನೀರು ನಿಂತಿತು, ಸಂಜೆಯಾದರೆ ಬಾಯಿ ತೆರೆದು ಮಾತಾಡಲಾಗದಷ್ಟು ನೊರಜು. ಕಾರಹುಣ್ಣಿಮೆ ಮುಗಿದು ಸ್ವಲ್ಪ ದಿನಕ್ಕೆ ಹೆಬ್ಬಳ್ಳಿಯಿಂದ ಸುದ್ದಿ ಬಂತು: ಎತ್ತುಗಳು ಇದ್ದಕ್ಕಿದ್ದಂತೆ ಕುಂಟುತ್ತಿವೆ. ಇವತ್ತು ಮುಂಗಾಲು, ನಾಳೆ ಹಿಂಗಾಲು. ಮೈ ಕಾದು, ಮೂಗಲ್ಲಿ ನೀರು, ಬಾಯಲ್ಲಿ ಜೊಲ್ಲು, ಆಮೇಲೆ ಮಲಗಿಬಿಡುವುದು. ಜನ ದೊಡ್ಡ ಬ್ಯಾನಿಯೇ, ಊರ ದನವನ್ನೆಲ್ಲ ಗುಡಿಸಿ ಒಯ್ಯುವ ರೋಗವೇ ಬಂತೆಂದು ಹೆದರಿ ಸತ್ತರು. ನಮ್ಮ ಡಾಕ್ಟರ ಸಾಹೇಬರು ಹೋಗಿ ನೋಡಿ, ಅದಲ್ಲ, ಇದು ಮೂರು ದಿನದ ಜ್ವರ ಅಂದರು. ಸುಮ್ಮನೆ ಬಿಟ್ಟರೆ ಮೂರು ದಿನಕ್ಕೆ ಎತ್ತು ತಾನೇ ಎದ್ದು ಮೇವಿಗೆ ಬಾಯಿ ಹಾಕುತ್ತದೆ. ಆದರೆ ಜ್ವರದಲ್ಲಿ ನೊಗಕ್ಕೆ ಹೂಡಬಾರದು, ಬಾಯಿಗೆ ಗೊಟ್ಟವಂತೂ ಹಾಕಲೇಬಾರದು. ಗೊಟ್ಟ ಅಂದರೆ ಔಷಧ ಹೊಯ್ಯುವ ಬಿದಿರಿನ ಕೊಳವೆ. ಆ ಜ್ವರದಲ್ಲಿ ಎತ್ತಿನ ಗಂಟಲು ನುಂಗುವುದನ್ನೇ ಮರೆಯುತ್ತದೆ, ಹೊಯ್ದದ್ದು ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಇಳಿಯುತ್ತದೆ. ಇದನ್ನು ಊರೂರಿಗೆ ಸಾರುವ ಕೆಲಸ ನನಗೆ ಬಿತ್ತು. ಕೇಳುವವರು ಯಾರು? ಎತ್ತು ಮಲಗಿದಾಗ ಗೊಟ್ಟ ಹಾಕದೆ ಕೈಕಟ್ಟಿ ಕೂಡುವುದೆಂದರೆ ನಮ್ಮ ಕಡೆ ಮನೆಯವರು ನೀರಡಿಸಿದಾಗ ನೀರು ಕೊಡದೆ ಕೂತಂತೆ.

ಸಾಹೇಬರು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಗಿದ್ದರು. ಪಡಸಾಲೆಯ ಗೋಡೆಗೆ ತಾಲೂಕಿನ ನಕಾಶೆ ಹಚ್ಚಿ, ಎತ್ತು ಮಲಗಿದ ಊರಿಗೊಂದರಂತೆ ಗುಂಡುಸೂಜಿ ಚುಚ್ಚುತ್ತಿದ್ದರು. ನಾನು ಸೈಕಲ್ ಮೇಲೆ ಎರೆಮಣ್ಣಿನ ಕೆಸರಲ್ಲಿ ತಿರುಗಿ, ಅರ್ಧ ದಾರಿ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು, ಬಂದು ಊರಿನ ಹೆಸರು ಹೇಳಬೇಕು, ಅವರು ಚುಚ್ಚಬೇಕು. ಮೊದಲು ಹೆಬ್ಬಳ್ಳಿ. ಆಮೇಲೆ ಅದರ ಆಚೆಯ ಊರು. ಆಮೇಲೆ ಉಪ್ಪಿನಬೆಟಗೇರಿಯ ದಾರಿ. ಒಂದು ಸಂಜೆ ದೂರ ನಿಂತು ನಕಾಶೆ ನೋಡಿದೆ. ಸೂಜಿಗಳು ನಿಂತಿದ್ದು ಆ ಸಲ ಕಾಕಾ ಹಿಂಡು ಹೊಡೆದುಕೊಂಡು ಹೋದ ದಾರಿಯಲ್ಲೇ.

ಅದನ್ನು ಕಾಣಲು ನಕಾಶೆಯೇ ಬೇಕಾಗಿರಲಿಲ್ಲ. ಜನರಿಗೂ ಕಂಡಿತ್ತು. ಉಪ್ಪಿನಬೆಟಗೇರಿ ದಾಟಿ ಹಳ್ಳದ ದಂಡೆಗೆ ಒಂದು ಸಣ್ಣ ಊರು, ಹೆಸರು ಹೇಳುವುದಿಲ್ಲ, ಮುಂದೆ ಹೇಳುವ ಮನೆಯ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಆ ಊರಿನ ಪಂಚರು ಕಾಕಾನ ಹಿಂಡನ್ನು ತಡೆದರು. ಹಳ್ಳದ ತಗ್ಗಿನಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿ ಎತ್ತುಗಳನ್ನೂ ಕಾಕಾನನ್ನೂ ಒಳಗೆ ಕೂಡಿಸಿದರು. ಮುಂದಿನ ಊರಿಗೆ ಬ್ಯಾನಿ ಒಯ್ಯುವುದು ಬೇಡ, ಹಿಂದಕ್ಕೂ ಹೋಗುವುದು ಬೇಡ, ಸರಕಾರದ ಹುಕುಂ ಬರಲಿ ಅಂದರು. ತಮಾಷೆ ನೋಡಿ, ಊರಿನ ಎತ್ತುಗಳೆಲ್ಲ ಮಲಗಿದ್ದವು, ಕಾಕಾನ ಒಂದು ಎತ್ತೂ ಮಲಗಿರಲಿಲ್ಲ. ಅದೇ ಅವನ ಮೇಲೆ ಬಂತು. ತನ್ನ ಎತ್ತಿನ ಬ್ಯಾನಿ ನಮ್ಮ ಎತ್ತಿಗೆ ದಾಟಿಸಿ ಕೂತಾನ ಅಂದರು. ಸಂಜೆ ಅವನು ಹೊಗೆ ಹಾಕಿದರೆ ಆ ಹೊಗೆ ಗಾಳಿಯ ಮೇಲೆ ಊರೊಳಗೆ ಬರುತ್ತಿತ್ತು. ಹೊಗೆಯ ಜೊತೆ ಬ್ಯಾನಿ ಬರುತ್ತದೆಂದು ನಾಲ್ಕು ಜನ ಕೊಡ ಹೊತ್ತು ಬಂದು ಅವನ ಬೆಂಕಿಯ ಮೇಲೆ ನೀರು ಸುರಿದರು, ಇನ್ನು ಮೇಲೆ ಹೊಗೆ ಕಂಡರೆ ನೆಟ್ಟಗಾಗುವುದಿಲ್ಲ ಎಂದು ಹೇಳಿ ಹೋದರು.

ಸಾಹೇಬರಿಗೆ ಹೋಗಿ ಇದೆಲ್ಲ ಹೇಳಿದೆ. ಅವರು ನಕಾಶೆಯ ಮುಂದೆ ಆ ಕಡೆ ಈ ಕಡೆ ಅಡ್ಡಾಡುತ್ತಿದ್ದರು. ಅವರಿಗೂ ಒಳಗೊಳಗೆ ಸಮಾಧಾನ ಇರಲಿಲ್ಲ. ಸೂಜಿ ಬಿದ್ದ ಊರುಗಳು ಕಾಕಾನ ದಾರಿಯಲ್ಲಿದ್ದವು, ಖರೆ, ಆದರೆ ಎಲ್ಲವೂ ಹಳ್ಳದ, ತಗ್ಗಿನ ಊರುಗಳು. ಅದೇ ದಾರಿಯಲ್ಲಿ ದಿಬ್ಬದ ಮೇಲಿನ ಊರಲ್ಲೂ ಕಾಕಾ ಒಂದು ದಿನ ಬಿಡಾರ ಹೂಡಿದ್ದ, ಅಲ್ಲಿ ಏನೂ ಆಗಿರಲಿಲ್ಲ. ಹಾರುವಂಥದ್ದು ಏನೋ ಇದನ್ನು ಹೊತ್ತು ತಿರುಗುತ್ತಿದೆ ಅಂತ ಅವರ ಗುಮಾನಿ. ಆದರೆ ಗುಮಾನಿಯನ್ನು ಮಾಮಲೇದಾರರಿಗೆ ಬರೆದು ಕಳಿಸಲಾಗುತ್ತದೆಯೇ?

ಅವರು ನನ್ನನ್ನು ಕೂಡಿಸಿ ಹೇಳಿದರು: "ನೋಡಪಾ ಮಕ್ತುಂ, ಅವರು ನಿಮ್ಮ ಕಾಕಾ ಅನ್ನೋದು ನನಗ ಗೊತ್ತದ. ಹಿಂಡು ಹುಬ್ಬಳ್ಳಿ ಬಿಡೋ ಮುಂಚೆ, ಅದನ್ನ ತಡದ ಊರಾಗ ಒಂದರ ಎತ್ತು ಮಲಗಿತ್ತಂದ್ರ ಹುಡುಕಿಕೊಂಡು ಬಾ. ಸಿಗಲಿಲ್ಲಂದ್ರ ನಾ ಇದ್ದದ್ದು ಇದ್ದಂಗ ಬರೀಬೇಕಾಗ್ತದ."

ಇದ್ದದ್ದು ಇದ್ದಂತೆ ಬರೆದರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಬ್ಯಾನಿ ತಂದವನು ಇಮಾಮಸಾಬ ಅಂತ ಸರಕಾರದ ಕಾಗದದಲ್ಲಿ ಒಂದು ಸಲ ಬಂದರೆ ಬೈಲಹೊಂಗಲದ ತನಕ ಒಂದು ಊರೂ ಅವನ ಎತ್ತಿಗೆ ನೀರು ಕೊಡುವುದಿಲ್ಲ. ಆ ದಾರಿ ಬಿಟ್ಟು ಕಾಕಾನಿಗೆ ಬೇರೆ ಬದುಕೇ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗಿದೆ. ಆ ಊರಿನ ಮನೆ ಮನೆಗೆ ಹೋಗಿ, ಮೊದಲು ಮಲಗಿದ್ದು ಯಾವ ಎತ್ತು, ಯಾವಾಗ ಅಂತ ಕೇಳಿದೆ. ಎಲ್ಲರದೂ ಒಂದೇ ಮಾತು: ಹುಣ್ಣಿಮೆ ಆದ ಮೇಲೆ, ಸಾಬರ ಹಿಂಡು ಬಂದ ಮೇಲೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ಗೌಡರ ಮನೆಗೂ ಹೋದೆ. ಬಸನಗೌಡರು ಮರ್ಯಾದಸ್ಥ ಮನುಷ್ಯ, ಚಹಾ ಕೊಡಿಸಿದರು. ದನದ ಪಡಸಾಲೆಯಲ್ಲಿ ಒಂದೇ ಬಿಳಿ ಎತ್ತು ಕಟ್ಟಿತ್ತು. ಪಕ್ಕದ ಗೂಟ ಖಾಲಿ. ಆ ಎತ್ತು ಮೇವು ಮುಟ್ಟದೆ, ಹಗ್ಗ ಜಗ್ಗುತ್ತ, ಖಾಲಿ ಗೂಟದ ಕಡೆಗೇ ಹೊರಳುತ್ತಿತ್ತು. ಜೋಡಿ ಎಲ್ಲಿ ಅಂತ ಕೇಳಿದೆ. ಮಗಳ ಊರಿಗೆ ಬಿತ್ತಿಗೆಗೆ ಕಳಿಸಿದ್ದೇವೆ ಅಂದರು. ಬಾಗಿಲ ಮರೆಯಲ್ಲಿ ಅವರ ತಾಯಿ ನೀಲವ್ವ ನಿಂತಿದ್ದಳು, ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಜೋಡಿ ಮುರಿದು ಒಂದೇ ಎತ್ತನ್ನು ಬಿತ್ತಿಗೆಗೆ ಯಾರಾದರೂ ಕಳಿಸುತ್ತಾರೆಯೇ? ಅದು ಆಗ ನನಗೆ ಹೊಳೆಯಲೇ ಇಲ್ಲ. ಅಷ್ಟು ಗಡಿಬಿಡಿಯಲ್ಲಿದ್ದೆ.

ಬೇಲಿಯ ಹತ್ತಿರ ಹೋದಾಗಲೆಲ್ಲ ಕಾಕಾ ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಉಂಡೆಯೋ ಇಲ್ಲವೋ ಅಂತ ಕೇಳುತ್ತಿದ್ದ. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಎತ್ತಿನ ಮಾತು ಬಂದರೆ ಕಾಕಾ ಕನ್ನಡಕ್ಕೆ ಹೊರಳುತ್ತಿದ್ದ, ಎತ್ತುಗಳಿಗೂ ಕೇಳಲಿ ಎನ್ನುವ ಹಾಗೆ. ಹೊಗೆ ಆರಿದ ಮೇಲೆ ಅವನ ಎತ್ತುಗಳಿಗೆ ನಿದ್ದೆ ಇರಲಿಲ್ಲ. ಬಾಲ ಬೀಸಿ ಬೀಸಿ, ಕಾಲು ಝಾಡಿಸಿ, ಬೇಲಿಗೆ ಮೈ ತಿಕ್ಕಿ ಗಾಯ ಮಾಡಿಕೊಂಡಿದ್ದವು. ಕಾಕಾನ ಮುಖ, ಕುತ್ತಿಗೆ ಎಲ್ಲ ದದ್ದು. ನಾನು ಹೋಗಿ ಒಂದು ಗಳಿಗೆ ನಿಂತರೆ ಸಾಕು, ನನಗೂ ಮೈಯೆಲ್ಲ ತುರಿಕೆ.

ಒಂದು ದಿನ ಬೆಳಿಗ್ಗೆ ಹೋದಾಗ ಕೆಂದ ಮಲಗಿತ್ತು. ಕೆಂದ ಅಂದರೆ ಹಿಂಡಿನ ಮುಂದಾಳು, ಮಾರಾಟಕ್ಕೆ ಇಟ್ಟದ್ದಲ್ಲ. ಅದು ನಡೆದರೆ ಉಳಿದವು ನಡೆಯುತ್ತಿದ್ದವು. ಕರುವಿದ್ದಾಗಿನಿಂದ ಕಾಕಾ ಕೈಯಾರೆ ಬೆಳೆಸಿದ ಎತ್ತು. ಈಗ ಕುತ್ತಿಗೆ ನೆಲಕ್ಕೆ ಚೆಲ್ಲಿ, ಜೊಲ್ಲು ಸುರಿಸುತ್ತ ಬಿದ್ದಿತ್ತು. ಇನ್ನೂ ಎರಡು ಮೂರು ಎತ್ತು ಕುಂಟುತ್ತಿದ್ದವು. ಬೇಲಿಯ ಹೊರಗೆ ಊರಿನವರು ನಿಂತು ನೋಡುತ್ತಿದ್ದರು. ನೋಡ್ರಿ, ಹೇಳಿರಲಿಲ್ಲೇನು, ಇವನ ಎತ್ತಿನೊಳಗೇ ಇತ್ತು ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ನನಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು. ಇನ್ನು ಸಾಹೇಬರು ಬರೆಯುವುದನ್ನು ಯಾರು ತಪ್ಪಿಸಿಯಾರು?

ಆಗ ನೋಡಿದೆ, ಕಾಕಾ ಗಡಿಗೆಯಲ್ಲಿ ಬೆಲ್ಲ, ಶುಂಠಿ, ಮೆಣಸು, ಕುಸುಬಿ ಎಣ್ಣೆ ಕಲಸಿ ಗೊಟ್ಟಕ್ಕೆ ತುಂಬುತ್ತಿದ್ದ. ಓಡಿಹೋಗಿ ಕೈ ಹಿಡಿದೆ. ಸಾಹೇಬರು ಹೇಳಿದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ, ಗಂಟಲು, ಪುಪ್ಪುಸ, ಎಲ್ಲ. ಕಾಕಾ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಬೇಲಿ ಹಾಕಿದಾಗ ಸುಮ್ಮನಿದ್ದವನು, ಹೊಗೆ ಆರಿಸಿದಾಗ ಸುಮ್ಮನಿದ್ದವನು, ಕೆಂದನ ವಿಷಯದಲ್ಲಿ ಸುಮ್ಮನಿರಲಾರದೆ ಹೋದ. ನನ್ನ ಕೈ ಕೊಡವಿಕೊಂಡ.

"ಬಿಡು ಮಕ್ತುಂ. ಕಣ್ಣ ಮುಂದ ಬಿದ್ದೈತಿ. ಕೈಕಟ್ಟಿ ಕುಂದ್ರು ಅಂತೀಯೇನು?"

ಅವನ ಕಣ್ಣಲ್ಲಿ ನೀರಿತ್ತು. ನಾನು ಮತ್ತೆ ಹಿಡಿಯಲು ಹೋದೆ, ಅವನು ತಳ್ಳಿದ. ಕೆಸರಲ್ಲಿ ಬಿದ್ದೆ. ಕಾಕಾ ನನ್ನ ಮೇಲೆ ಕೈ ಮಾಡಿದ್ದು ಜನ್ಮದಲ್ಲಿ ಅದೊಂದೇ ಸಲ. ಅವನು ಮೊಣಕಾಲೂರಿ ಕೆಂದನ ಬಾಯಿ ಬಿಡಿಸಿ, ಗೊಟ್ಟ ಎತ್ತಿದ.

"ಸಾಬಣ್ಣಾ, ಹಾಕಬ್ಯಾಡೋ ಯಪ್ಪಾ. ನಮ್ಮದು ಹಂಗ ಹೋತು."

ಕೂಗಿದವಳು ಹಳ್ಳಕ್ಕೆ ನೀರಿಗೆ ಬಂದಿದ್ದ ನೀಲವ್ವ. ಕೊಡ ಯಾವಾಗ ಕೆಳಗಿಟ್ಟಳೋ, ಮುಳ್ಳಿನ ಬೇಲಿಯನ್ನು ಬರಿಗೈಯಲ್ಲಿ ಜಗ್ಗುತ್ತ ನಿಂತಿದ್ದಳು. ಕೈಯಿಂದ ರಕ್ತ ಇಳಿಯುತ್ತಿತ್ತು. ಕಾಕಾನ ಕೈ ಅಲ್ಲೇ ನಿಂತಿತು. ಹೊರಗಿನ ಜನ ತಿರುಗಿ ಅವಳನ್ನೇ ನೋಡಿದರು. ತಾನೇನು ಆಡಿದೆ ಅಂತ ಆಗ ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಹಿಡಿದಳು, ಆದರೆ ಮಾತು ಹೊರಗೆ ಬಂದಾಗಿತ್ತು.

ನಾನು ಕೆಸರಿನಿಂದ ಏಳಲಿಲ್ಲ. ಏಳುವ ಧೈರ್ಯ ಆಗಲಿಲ್ಲ. ಕೂತಲ್ಲಿಂದಲೇ, ಯಾವಾಗ ಹೋತ್ರಿ ಅವ್ವಾರ ಅಂತ ಕೇಳಿದೆ. ಅವಳು ತನ್ನ ಊರಿನವರ ಮುಖ ಒಂದೊಂದಾಗಿ ನೋಡಿದಳು. ಹೇಳುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಅವಳು ಬೇಲಿ ಬಿಟ್ಟು ನೆಲಕ್ಕೆ ಕೂತಳು.

"ಕಾರಹುಣ್ಣಿವಿ ಇನ್ನಾ ಬಂದಿರಲಿಲ್ಲ. ಕರಿ ಹರಿಯೋ ಎತ್ತು ನಮ್ಮದು. ಗೊಟ್ಟ ಹಾಕಿದಿವಿ, ಮನ್ಯಾಗ ಸತ್ತಿತು. ಹಿತ್ತಲದಾಗ ಹುಗದೇವಿ."

ಇಲ್ಲಿ ಒಂದು ಮಾತು ಹೇಳಬೇಕು. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ, ಊರ ಬಾಗಿಲಿಗೆ ಕಟ್ಟಿದ ಬೇವಿನ ತೋರಣ ಹರಿಸುವುದು ನಮ್ಮ ಸೀಮೆಯ ಪದ್ಧತಿ. ಅದಕ್ಕೇ ಕರಿ ಹರಿಯುವುದು ಅನ್ನುತ್ತಾರೆ. ಆ ಊರಲ್ಲಿ ಮುಂದೆ ಓಡುವುದು ಗೌಡರ ಮನೆಯ ಎತ್ತು. ಅದು ಹುಣ್ಣಿಮೆಯ ಮುಂಚೆ ಸತ್ತರೆ ಊರಿಗೇ ಕೇಡು, ಮಳೆ ಬೆಳೆ ಎಲ್ಲ ಹಾಳು ಅಂತ ನಂಬಿಕೆ. ಅದಕ್ಕೇ ಬಸನಗೌಡರು ಸತ್ತ ಎತ್ತನ್ನು ಹಿತ್ತಲಲ್ಲಿ ಹೂಳಿ, ಊರವರಿಗೂ ಮಗಳ ಊರಿಗೆ ಕಳಿಸಿದ್ದೇವೆ ಅಂದಿದ್ದರು. ಆ ವರ್ಷ ಬೇರೆ ಮನೆಯ ಎತ್ತು ಕರಿ ಹರಿದಿತ್ತು. ಆಗ ಕಾಕಾನ ಹಿಂಡು ಹುಬ್ಬಳ್ಳಿಯ ಕೊಟ್ಟಿಗೆಯನ್ನೇ ಬಿಟ್ಟಿರಲಿಲ್ಲ.

ಯಾರೋ ಗೌಡರನ್ನು ಕರೆತಂದರು. ಅವರು ತಾಯಿಯ ಮೇಲೆ ಹರಿಹಾಯುತ್ತಾರೆ ಅಂತ ನಾನು ಎದ್ದು ನಡುವೆ ನಿಂತೆ. ಅವರು ಬೈಯಲಿಲ್ಲ. ತಾಯಿಯ ಕೈಯ ರಕ್ತ ನೋಡಿದರು, ಮಲಗಿದ ಕೆಂದನನ್ನು ನೋಡಿದರು. ಮುಖ ಕಪ್ಪಿಟ್ಟಿತ್ತು. ಬಗ್ಗಿ, ತಾವೇ ಬೇಲಿಯ ಮುಳ್ಳುಕಂಟಿ ಒಂದೊಂದಾಗಿ ಎಳೆದು ಬದಿಗೆ ಹಾಕತೊಡಗಿದರು. ಆಮೇಲೆ ಊರಿನವರೂ ಒಬ್ಬೊಬ್ಬರೇ ಕೈ ಹಚ್ಚಿದರು.

ದಾರಿ ತೆರೆದ ಮೇಲೆ ಕಾಕಾ ಹೋಗಲಿಲ್ಲ. ಜ್ವರದ ಎತ್ತು ನಡೆಸಿದರೆ ಸಾಯುತ್ತವೆ, ಈಗ ನಾನೇ ಹೋಗುವುದಿಲ್ಲ ಅಂದ. ಗೊಟ್ಟದಲ್ಲಿದ್ದದ್ದನ್ನು ನೆಲಕ್ಕೆ ಸುರಿದ. ಹೊತ್ತು ಮುಳುಗುವ ಮುಂಚೆ ಕುಳ್ಳು ಹಚ್ಚಿ ಹಸಿ ಬೇವು ಹಾಕಿದ. ಹೊಗೆ ಎದ್ದು ನೆಟ್ಟಗೆ ಊರ ಕಡೆಗೇ ಹೋಯಿತು. ಯಾರೂ ಕೊಡ ತರಲಿಲ್ಲ. ಗೌಡರ ಮನೆಯಿಂದ ಒಂದು ಹೊರೆ ಜೋಳದ ಕಣಕಿ ಬಂತು. ತಂದವನು ಇಳಿಸಿ ಹೋದ, ಕಾಕಾ ಅದನ್ನು ಬಿಚ್ಚಿ ಎತ್ತುಗಳ ಮುಂದೆ ಹಾಕಿದ.

ನಾನು ಸಪ್ತಾಪುರಕ್ಕೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ನಕಾಶೆಯಲ್ಲಿ ಆ ಊರಿನ ಸೂಜಿ ಕಿತ್ತು, ಎಲ್ಲದರ ಮೊದಲಿನದೆಂದು ಗುರುತು ಮಾಡಿ ಮತ್ತೆ ಚುಚ್ಚಿದರು. ನಾವು ಸೂಜಿ ಚುಚ್ಚಿದ್ದು ನಮಗೆ ಸುದ್ದಿ ಬಂದ ಕ್ರಮದಲ್ಲಿ, ಬ್ಯಾನಿ ಬಂದ ಕ್ರಮದಲ್ಲಲ್ಲ; ಹಾಗೆ ನೋಡಿದರೆ ಬ್ಯಾನಿ ಕಾಕಾನ ಹಿಂದೆ ಬಂದೇ ಇರಲಿಲ್ಲ. ಬಡಗಣ ತುದಿಯಲ್ಲಿ ಮೊದಲು ಕಂಡು, ಅವನಿಗೆ ಇದಿರಾಗಿ, ಹಳ್ಳ ಹಿಡಿದು ತೆಂಕಲಿಗೆ ಇಳಿದಿತ್ತು. ನಾನು ಪಡಸಾಲೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಅವರು ನೋಡದವರಂತೆ ನಕಾಶೆಯ ಕಡೆ ಮುಖ ಮಾಡಿ ನಿಂತರು. ವರದಿಯಲ್ಲಿ ಊರಿನ ಹೆಸರು ಹೋಯಿತು, ಮನೆಯ ಹೆಸರು ಹೋಗಲಿಲ್ಲ. ಅದು ಕಾಕಾ ಕೇಳಿಕೊಂಡದ್ದು.

ಕೆಂದ ಎದ್ದ. ಮೂರನೆಯ ದಿನ ನಾನು ಹೋಗುವ ಹೊತ್ತಿಗೆ ಏನೂ ಆಗದವನಂತೆ ನಿಂತು ಗೌಡರ ಕಣಕಿ ಮೇಯುತ್ತಿದ್ದ. ಕಾಕಾ ಅವನ ಕುತ್ತಿಗೆಗೆ ಆತುಕೊಂಡು ನಿಂತೇ ತೂಕಡಿಸುತ್ತಿದ್ದ. ಉಳಿದವೂ ಚೇತರಿಸಿಕೊಂಡ ಮೇಲೆ ಹಿಂಡು ಹೊರಟಿತು. ನೋಡಲು ಜನ ಬಹಳ ಬರಲಿಲ್ಲ, ಬಂದವರೂ ನೆಲ ನೋಡುತ್ತಿದ್ದರು.

ನೀಲವ್ವ ಬಂದಳು. ಅಂಗೈಗೆ ಅರಿವೆ ಸುತ್ತಿಕೊಂಡಿದ್ದಳು. ಕಾಕಾನಿಗೆ ದೂರದಿಂದಲೇ ಕೈ ಮುಗಿದಳು, ಕಾಕಾ ನಿಂತು ಅವಳಿಗೆ ಕೈ ಮುಗಿದ, ಆಮೇಲೆ ಹಿಂಡಿನ ಹಿಂದೆ ಹೋದ. ನಾನೂ ಸೈಕಲ್ ಹಿಡಿದು ಹೊರಟಿದ್ದೆ. ಅವಳು ನನ್ನ ಹತ್ತಿರ ಬಂದಳು. ಸಂಜೆಯ ಹೊತ್ತು, ಹಳ್ಳದ ಕಡೆಯಿಂದ ನೊರಜು ಮುತ್ತುತ್ತಿದ್ದವು.

"ತಮ್ಮಾ, ಸಾಬಣ್ಣ ತಂದಿಲ್ಲ ಅಂತ ಆತು. ಹಂಗಾರ ನಮ್ಮ ಎತ್ತಿಗೆ ಯಾರು ತಂದರಪಾ?"

ಸಾಹೇಬರ ಗುಮಾನಿ ನನಗೆ ಗೊತ್ತಿತ್ತು, ಅದನ್ನೇ ಹೇಳಿದೆ. ಯಾರೂ ತಂದಿಲ್ಲ ಅವ್ವಾರ, ಅದು ತಾನೇ ಗಾಳಿಯ ಮೇಲೆ ಹಾರಿ ಬಂದಿರಬೇಕು, ನಿಮ್ಮದೂ ತಪ್ಪಿಲ್ಲ, ಯಾರ ತಪ್ಪೂ ಇಲ್ಲ ಅಂದೆ. ಅವಳಿಗೆ ಸಮಾಧಾನ ಆಗಲಿ ಅಂತ ಹೇಳಿದ್ದು. ಅವಳು ಊರ ಕಡೆ, ತನ್ನ ಹಿತ್ತಲಿನ ಕಡೆ ತಿರುಗಿದಳು.

"ಹಂಗಾರ ನಾವು ಯಾರಿಗೆ ಹೆದರಿ ಮುಚ್ಚಿಟ್ಟಿವೆಪಾ?"

ಕೈಮೇಲೆ ಕೂತು ಕಡಿಯುತ್ತಿದ್ದ ನೊರಜುಗಳನ್ನು, ಬ್ಯಾನಿ ಹೊತ್ತು ತಿರುಗುವುದು ಇವೇ ಎಂದು ಇನ್ನೂ ತಿಳಿಯದೆ, ಒರೆಸಿಹಾಕಿ ಸೈಕಲ್ ಹತ್ತಿದೆ.